ಎಳೆ ಹೇಂಟೆಗೆ ಉಸಿರಾಟದ ತೊಂದರೆ: ಮನೆಯಲ್ಲಿರುವ ಆಂಟಿಬಯೋಟಿಕ್ ಕೊಡಬಹುದೇ?

ಹಿತ್ತಲಗೂಡು (ಪ್ರಶ್ನೆ)

ನಮಸ್ಕಾರ. ನಾಲ್ಕೂವರೆ ತಿಂಗಳ ಹೇಂಟೆ, ತೂಕ 1.4 ಕಿಲೋ, ಇನ್ನೂ ಮೊಟ್ಟೆಗೆ ಬಂದಿಲ್ಲ. ಮೊನ್ನೆಯಿಂದ ಆಗಾಗ ಕುತ್ತಿಗೆ ಮುಂದಕ್ಕೆ ಚಾಚಿ, ಕೊಕ್ಕು ತೆರೆದು ಗಾಳಿ ಎಳೆಯುತ್ತಿದೆ. ನಡುನಡುವೆ ತಲೆ ಒದರುತ್ತದೆ. ಕತ್ತಲಾದ ಮೇಲೆ ಗೂಡಿನ ಹತ್ತಿರ ನಿಂತರೆ ಗೊರಗೊರ ಸದ್ದು ಕೇಳುತ್ತದೆ. ಮೇವು ತಿನ್ನುತ್ತಿದೆ, ಆದರೆ ಮೊದಲಿನಷ್ಟಲ್ಲ. ಜುಟ್ಟು ಕೆಂಪಗೇ ಇದೆ, ಮುಖ ಊದಿಲ್ಲ. ಜೊತೆಗೆ ಇನ್ನೂ ನಾಲ್ಕು ಹೇಂಟೆಗಳಿವೆ. ಅವುಗಳಲ್ಲಿ ಒಂದು ಸೀನಿದ್ದು ಕೇಳಿಸಿತು, ಉಳಿದವು ಚೆನ್ನಾಗಿವೆ. ಹಗಲೆಲ್ಲ ಮಣ್ಣಲ್ಲಿ ಕೆದಕಿಕೊಂಡು ತಿರುಗುತ್ತವೆ. ಮಳೆ ನೀರು ನುಗ್ಗಿ ಗೂಡಿನ ಒಂದು ಮೂಲೆಯ ಹೊಟ್ಟು ಒದ್ದೆಯಾಗಿದೆ.

ಹಿಂದೆ ತಂದ ಎನ್ರೊಫ್ಲಾಕ್ಸಾಸಿನ್ ದ್ರಾವಣ ಅರ್ಧ ಬಾಟಲಿ ಉಳಿದಿದೆ. ಅದನ್ನು ನೀರಿಗೆ ಹಾಕಿ ಐದಕ್ಕೂ ಕುಡಿಸಿಬಿಡಲೇ? ಇಲ್ಲ ಮೊದಲು ಬೇರೆ ಏನಾದರೂ ನೋಡಬೇಕೇ?

ಗರಿಮನೆ

ಬಾಟಲಿ ಸದ್ಯಕ್ಕೆ ಮುಟ್ಟಬೇಡಿ. ಕೊಕ್ಕು ತೆರೆದು ಉಸಿರಾಡುವುದಕ್ಕೆ ಬ್ಯಾಕ್ಟೀರಿಯಾ, ವೈರಸ್, ಬೂಷ್ಟು, ಹುಳು, ಕೆಟ್ಟ ಗಾಳಿ, ಗಂಟಲಲ್ಲಿ ಸಿಕ್ಕಿದ ಕಾಳು, ಬರೀ ಸೆಕೆ ಇವುಗಳಲ್ಲಿ ಯಾವುದೂ ಕಾರಣವಿರಬಹುದು. ಆಂಟಿಬಯೋಟಿಕ್‌ ನಾಟುವುದು ಮೊದಲನೆಯದಕ್ಕೆ ಮಾತ್ರ. ಎರಡು ದಿನ ಮದ್ದು ಕೊಟ್ಟ ಮೇಲೆ ಗಂಟಲ ಸ್ವಾಬ್ ತೆಗೆದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೂ ಇಲ್ಲ, ಆಮೇಲೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಇವತ್ತು ರಾತ್ರಿಯೊಳಗೆ ಹೇಂಟೆಯನ್ನು ಬೇರೆ ಮಾಡಿ. ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಪಂಜರ ಸಾಕು. ಕೆಳಗೆ ಹಳೆ ಟವಲ್ ಹಾಸಿ. ಹೊಟ್ಟು ಬೇಡ, ಹುಲ್ಲು ಬೇಡ, ಎರಡರಲ್ಲೂ ದೂಳಿರುತ್ತದೆ. ಟವಲ್ ಹಾಸಿದರೆ ಹಿಕ್ಕೆಯ ಬಣ್ಣವೂ ಚೆನ್ನಾಗಿ ಕಾಣುತ್ತದೆ. ಜಾಗ ಬೆಚ್ಚಗಿರಲಿ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿ ಆಡಬೇಕು, ಆದರೆ ನೇರವಾಗಿ ಮೈಗೆ ಬೀಸಬಾರದು. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದಾಗ ಏಳುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿಗಳು ಅದರಿಂದ ಸತ್ತೇ ಹೋಗುತ್ತವೆ. ಊದುಬತ್ತಿ, ಸೊಳ್ಳೆಬತ್ತಿ, ನೀಲಗಿರಿ ಎಣ್ಣೆ, ಎದೆಗೆ ಹಚ್ಚುವ ಮುಲಾಮು ಯಾವುದೂ ಹತ್ತಿರ ಸುಳಿಯಬಾರದು. ನಮಗೆ ಮೂಗು ಬಿಡಿಸುವ ಘಾಟು ಅದರ ಶ್ವಾಸನಾಳವನ್ನು ಕೆರಳಿಸುತ್ತದೆ.

ಹಿಡಿಯುವಾಗ ಎದೆ ಒತ್ತಬೇಡಿ. ಕೋಳಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಮೂಳೆ ಮುಂದೆ ಕೆಳಗೆ ಆಡಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಎದೆಯನ್ನು ಬಿಗಿಯಾಗಿ ಹಿಡಿದರೆ ಉಸಿರು ಅಲ್ಲೇ ನಿಲ್ಲುತ್ತದೆ. ಬೆನ್ನ ಮೇಲೆ ಮಲಗಿಸುವುದೂ ಅಪಾಯ. ರೆಕ್ಕೆಗಳನ್ನು ಪಕ್ಕೆಗೆ ಸೇರಿಸಿ, ಕೆಳಗಿನಿಂದ ಅಂಗೈ ಕೊಟ್ಟು, ನೆಟ್ಟಗೆ ಹಿಡಿಯಿರಿ.

ನೀರು ಕುಡಿಸಲೇಬೇಕಾದರೆ ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಡಿ, ಅದು ನುಂಗಿದ ಮೇಲೆ ಇನ್ನೊಂದು. ಬಾಯಿ ಅಗಲಿಸಿ ಸುರಿಯಬಾರದು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ, ಸುರಿದ ನೀರು ನೆಟ್ಟಗೆ ಅದರೊಳಕ್ಕೆ ಹೋಗುತ್ತದೆ. ತಾನೇ ಕುಡಿಯುತ್ತಿದ್ದರೆ ಏನೂ ಕುಡಿಸಲು ಹೋಗಬೇಡಿ.

ಅದು ಪೆಟ್ಟಿಗೆಗೆ ಹೊಂದಿಕೊಂಡು ಸುಮ್ಮನೆ ಕೂತ ಮೇಲೆ, ದೂರದಿಂದಲೇ ಒಂದು ನಿಮಿಷ ಉಸಿರು ಎಣಿಸಿ. ವಿಶ್ರಾಂತಿಯಲ್ಲಿರುವ ಹೇಂಟೆ ಕೊಕ್ಕು ಮುಚ್ಚಿಕೊಂಡು ನಿಮಿಷಕ್ಕೆ ಸುಮಾರು 15ರಿಂದ 40 ಬಾರಿ ಉಸಿರಾಡುತ್ತದೆ. ಬಾಲ ಪ್ರತಿ ಉಸಿರಿಗೂ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಕಷ್ಟಪಟ್ಟು ಉಸಿರಾಡುತ್ತಿದೆ ಎಂದರ್ಥ. ಸೆಕೆಗೆ ಬಾಯಿ ತೆರೆಯುವುದಾದರೆ ಚಿತ್ರವೇ ಬೇರೆ: ವೇಗವಾದ, ಸದ್ದಿಲ್ಲದ ಏದುಸಿರು, ರೆಕ್ಕೆ ಮೈಯಿಂದ ದೂರ, ನೆರಳಿಗೆ ತಂದ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಿಮ್ಮದು ರಾತ್ರಿ ತಂಪಿನಲ್ಲೂ ಗೊರಗೊರ ಅನ್ನುತ್ತಿರುವುದರಿಂದ ಸೆಕೆಯನ್ನು ಬಿಟ್ಟುಬಿಡಿ.

ಕಳೆದ ವಾರ ಕೊಕ್ಕರೆ ರೋಗದ (ರಾಣಿಖೇತ್ ಅನ್ನುವ ವೈರಸ್ ರೋಗ) ಜೀವಂತ ಲಸಿಕೆ ಏನಾದರೂ ಹಾಕಿಸಿದ್ದಿರಾ? ಅದಾದ ಕೆಲವು ದಿನ ಸಣ್ಣ ಸೀನು, ತಲೆ ಒದರುವುದು ಇದ್ದೇ ಇರುತ್ತದೆ, ತಾನಾಗಿ ಇಳಿಯುತ್ತದೆ. ಹೊಸ ಕೋಳಿ ಏನಾದರೂ ಬಂತೇ ಅನ್ನುವುದನ್ನೂ ಹೇಳಿ.

ಮಣ್ಣುಕೆದಕು

ಮೇಲಿನದೆಲ್ಲ ಮಾಡಿ, ಜೊತೆಗೆ ಗಂಟಲನ್ನೂ ಕಣ್ಣಾರೆ ನೋಡಿ. ಒಬ್ಬರು ಹಿಡಿದುಕೊಳ್ಳಲಿ. ಇನ್ನೊಬ್ಬರು ಹೆಬ್ಬೆರಳು ತೋರುಬೆರಳಿಂದ ಕೊಕ್ಕಿನ ಮೂಲೆಯನ್ನು ಮೆತ್ತಗೆ ಒತ್ತಿ ಬಾಯಿ ತೆರೆಸಿ, ಟಾರ್ಚ್ ಬಿಡಬೇಕು. ಐದಾರು ಸೆಕೆಂಡಿಗಿಂತ ಹೆಚ್ಚು ಬೇಡ. ಕೊಕ್ಕು ತೆರೆಸಿದಾಗ ಜುಟ್ಟು ನೀಲಿಗಟ್ಟುತ್ತಿದೆ ಅನಿಸಿದರೆ ತಕ್ಷಣ ಬಿಟ್ಟು, ಅದು ಸುಧಾರಿಸಿಕೊಳ್ಳುವ ತನಕ ಮುಟ್ಟಬೇಡಿ.

ಬಾಯೊಳಗೆ ಅಥವಾ ಶ್ವಾಸನಾಳದ ಬಾಯಿಯ ಸುತ್ತ ಹಳದಿ ಪೊರೆ, ಗಿಣ್ಣಿನ ಹಾಗೆ ಅಂಟಿಕೊಂಡಿದ್ದರೆ ಕೋಳಿ ಸಿಡುಬಿನ ಒಳರೂಪ ಅಥವಾ ಟ್ರೈಕೊಮೊನಾಸ್ ಅನ್ನುವ ಏಕಕೋಶದ ಪರಾವಲಂಬಿ ಇರಬಹುದು. ಕಿತ್ತು ತೆಗೆಯಲು ಹೋಗಬೇಡಿ, ಅಡಿಯಲ್ಲಿ ರಕ್ತ ಒಸರಿ ಅದೇ ಶ್ವಾಸನಾಳಕ್ಕೆ ಇಳಿಯುತ್ತದೆ. ರಕ್ತ ಬೆರೆತ ಲೋಳೆ, ಕೊಕ್ಕಿನ ತುದಿಯಲ್ಲೋ ಗೋಡೆಯ ಮೇಲೋ ರಕ್ತದ ಕಲೆ ಕಂಡರೆ ಐಎಲ್‌ಟಿ ಅನ್ನುವ ಹರ್ಪಿಸ್ ಗುಂಪಿನ ವೈರಸ್ ಅನುಮಾನ. ಮುಖ ಒಂದು ಕಡೆ ಊದಿ, ಮೂಗಿನ ಸಿಂಬಳ ದುರ್ವಾಸನೆ ಹೊಡೆದರೆ ಕೊರೈಜಾ ಅನ್ನುವ ಬ್ಯಾಕ್ಟೀರಿಯಾ ಸೋಂಕು. ಸದ್ದೇ ಇಲ್ಲದೆ ಬರೀ ಬಾಯಿ ತೆರೆದು ಒದ್ದಾಡಿದರೆ ಬೂಷ್ಟಿನಿಂದ ಬರುವ ಆಸ್ಪರ್ಜಿಲಸ್ ಸೋಂಕನ್ನು ನೆನಪಿಡಬೇಕು. ಒದ್ದೆ ಹೊಟ್ಟು ಅಂದಿದ್ದೀರಿ, ಅದಕ್ಕೇ ಹೇಳಿದೆ. ನಿಮ್ಮ ಹೇಂಟೆ ಗೊರಗುಟ್ಟುತ್ತಿದೆ, ಹಾಗಾಗಿ ಇದು ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ.

ನನಗೆ ಮೊದಲು ಹೊಳೆದದ್ದು ಶ್ವಾಸನಾಳದ ಕೆಂಪು ಹುಳು, ಸಿಂಗಾಮಸ್. ಎಳೆ ಹಕ್ಕಿ, ಮಣ್ಣಲ್ಲಿ ಕೆದಕುವ ಅಭ್ಯಾಸ, ಮಳೆ, ಕುತ್ತಿಗೆ ಚಾಚುವುದು, ತಲೆ ಒದರುವುದು ಎಲ್ಲ ಹೊಂದುತ್ತದೆ. ಎರೆಹುಳು, ಬಸವನಹುಳು, ಗೊಂಡೆಹುಳು ತಿಂದಾಗ ಅವುಗಳ ಮೈಯಲ್ಲಿರುವ ಮರಿಹುಳು ಕೋಳಿಯ ಶ್ವಾಸಕೋಶ ಸೇರಿ, ಅಲ್ಲಿಂದ ಶ್ವಾಸನಾಳಕ್ಕೆ ಬಂದು ಬೆಳೆಯುತ್ತದೆ. ಗಂಡು ಹೆಣ್ಣು ಜೀವಮಾನವಿಡೀ ಅಂಟಿಕೊಂಡೇ ಇರುವುದರಿಂದ ಜೋಡಿ ಕವಲೊಡೆದ ಕೆಂಪು ದಾರದ ಹಾಗೆ ಕಾಣುತ್ತದೆ. ಹುಳುವಿಡುವ ಮೊಟ್ಟೆಯನ್ನು ಕೋಳಿ ಕೆಮ್ಮಿ ನುಂಗುತ್ತದೆ, ಅದು ಹಿಕ್ಕೆಯಲ್ಲಿ ಹೊರಬಂದು ಮತ್ತೆ ಮಣ್ಣು ಸೇರುತ್ತದೆ. ದೊಡ್ಡ ಕೋಳಿಗೆ ನಾಳ ಅಗಲ, ಹೇಗೋ ತಡೆದುಕೊಳ್ಳುತ್ತದೆ. ಎಳೆಯದರ ನಾಳ ಕಿರಿದು, ಕೆಲವೇ ಜೋಡಿ ಹುಳು ಸಾಕು ಉಸಿರು ಕಟ್ಟಲು.

ಪರೀಕ್ಷೆ ಹೀಗೆ: ಕತ್ತಲ ಕೋಣೆಯಲ್ಲಿ ಕುತ್ತಿಗೆಯ ಗರಿ ಒದ್ದೆ ಮಾಡಿ ಬದಿಗೆ ಸರಿಸಿ, ಚರ್ಮಕ್ಕೆ ತಾಗಿಸಿದಂತೆ ಒಂದು ಕಡೆಯಿಂದ ಪ್ರಖರವಾದ ಸಣ್ಣ ಟಾರ್ಚ್ ಹಿಡಿಯಿರಿ. ತೆಳು ಚರ್ಮದ ಎಳೆ ಹಕ್ಕಿಯಲ್ಲಿ ನಾಳದೊಳಗೆ ಹುಳುವಿನ ನೆರಳು ಕಾಣುವುದುಂಟು. ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ, ಹಿಕ್ಕೆ ಪರೀಕ್ಷೆ ಮಾಡಿಸಿ. ಮೂರು ದಿನದ ತಾಜಾ ಹಿಕ್ಕೆ ಒಟ್ಟುಗೂಡಿಸಿ ಕೊಟ್ಟರೆ ಒಂದೇ ದಿನದ್ದಕ್ಕಿಂತ ನಂಬಬಹುದು. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ.

ಹುಳು ಖಚಿತವಾದರೆ ಫೆನ್‌ಬೆಂಡಜೋಲ್ ಕಿಲೋ ತೂಕಕ್ಕೆ 20 ಮಿಲಿಗ್ರಾಂ, ಐದು ದಿನ. ನಿಮ್ಮ ಹೇಂಟೆಗೆ 28 ಮಿಲಿಗ್ರಾಂ ಆಯಿತು, ಶೇ. 10ರ ದ್ರಾವಣವಾದರೆ ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಅಂದರೆ ದಿನಕ್ಕೆ 0.28 ಮಿಲಿ. ಸೂಜಿ ತೆಗೆದ ಒಂದು ಮಿಲಿ ಸಿರಿಂಜ್‌ನಲ್ಲೇ ಅಳೆಯಬೇಕು, ಚಮಚದಲ್ಲಿ ಈ ಅಳತೆ ಬರುವುದಿಲ್ಲ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಮದ್ದು ತಳದಲ್ಲಿ ಕೂತಿರುತ್ತದೆ. ಗರಿ ಉದುರಿ ಹೊಸದು ಬರುತ್ತಿರುವ ಸಮಯದಲ್ಲಿ ಈ ಮದ್ದು ಕೊಟ್ಟರೆ ಹೊಸ ಗರಿ ಸೊಟ್ಟಗೆ ಬರುತ್ತದೆ, ಅದನ್ನೂ ಪಶುವೈದ್ಯರಿಗೆ ಹೇಳಿ. ಐವರ್‌ಮೆಕ್ಟಿನ್ ಈ ಹುಳುವಿನ ಮೇಲೆ ನೆಚ್ಚಿಕೊಳ್ಳುವಂಥದ್ದಲ್ಲ.

ಬೆಳಿಗ್ಗೆ ಮೇವು ಹಾಕುವ ಮೊದಲು ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲವನ್ನೂ ಮುಟ್ಟಿ ನೋಡಿ. ಖಾಲಿ ಇರಬೇಕು. ನೀರು ತುಂಬಿದ ಬಲೂನಿನಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಅಲ್ಲಿನ ದ್ರವ ಶ್ವಾಸನಾಳಕ್ಕೆ ಇಳಿದು ಇದೇ ಗೊರಗೊರ ಬರಬಹುದು. ತಲೆಕೆಳಗೆ ಹಿಡಿದು ಕಕ್ಕಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಹಿತ್ತಲಗೂಡು

ಇಬ್ಬರಿಗೂ ಧನ್ಯವಾದ. ಬೇರೆ ಮಾಡಿದ್ದೇನೆ. ಇತ್ತೀಚೆಗೆ ಲಸಿಕೆ ಹಾಕಿಸಿಲ್ಲ. ಹೊಸ ಕೋಳಿ ಅಂದರೆ ಈ ಹೇಂಟೆಯೇ, ಹೋದ ತಿಂಗಳು ಬೇರೆ ಕಡೆಯಿಂದ ತಂದು ನೇರವಾಗಿ ಜೊತೆಗೆ ಬಿಟ್ಟದ್ದು. ಬಾಯೊಳಗೆ ಪೊರೆ ಇಲ್ಲ, ರಕ್ತ ಇಲ್ಲ, ಟಾರ್ಚ್ ಹಿಡಿದರೂ ನೆರಳು ಕಾಣಲಿಲ್ಲ. ಹಿಕ್ಕೆ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಸಿಗಲಿಲ್ಲ. ಕಾಳಿನ ಚೀಲ ಬೆಳಿಗ್ಗೆ ಖಾಲಿ ಇತ್ತು. ಸುಮ್ಮನೆ ಕೂತಾಗ ಉಸಿರು ನಿಮಿಷಕ್ಕೆ 44, ಬಾಲ ಆಡುತ್ತದೆ. ಹೊಸದಾಗಿ ಕಂಡದ್ದು: ಬಲಗಣ್ಣಿನ ಮೂಲೆಯಲ್ಲಿ ಸಣ್ಣ ಸಣ್ಣ ನೊರೆಗುಳ್ಳೆ. ಸೀನಿದ್ದ ಇನ್ನೊಂದು ಹೇಂಟೆ ಈಗ ಮೂಗು ರೆಕ್ಕೆಗೆ ಒರೆಸಿಕೊಳ್ಳುತ್ತಿದೆ, ಅಲ್ಲಿ ಗರಿ ಕಂದು ಬಣ್ಣಕ್ಕೆ ತಿರುಗಿದೆ. ಗೂಡಿಗೆ ಬಗ್ಗಿ ನೋಡಿದರೆ ಮೂಗಿಗೆ ಘಾಟು ಹೊಡೆಯಿತು.

ಬಿಳಿಕೋಟು

ಕಣ್ಣಿನಲ್ಲಿ ನೊರೆ, ರಾತ್ರಿ ಗೊರಗೊರ, ನಿಧಾನವಾಗಿ ಒಂದರಿಂದ ಇನ್ನೊಂದಕ್ಕೆ ದಾಟಿದ್ದು, ಹೊಸದಾಗಿ ತಂದ ಹಕ್ಕಿ, ಮೊಟ್ಟೆಗೆ ಬರುವ ವಯಸ್ಸು. ಇಷ್ಟು ಸೇರಿದರೆ ಮೈಕೊಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು, ಅಂದರೆ ಸಾಕಣೆದಾರರು ಸಿಆರ್‌ಡಿ ಅನ್ನುವ ದೀರ್ಘಕಾಲದ ಉಸಿರಾಟದ ರೋಗ, ಮೊದಲ ಅನುಮಾನವಾಗುತ್ತದೆ. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನುವ ವೈರಸ್ ರೋಗವಾಗಿದ್ದರೆ ಐದೂ ಹೇಂಟೆಗಳು ಒಂದೆರಡು ದಿನದೊಳಗೆ ಒಟ್ಟಿಗೇ ಸೀನುತ್ತಿದ್ದವು, ಅದು ಹರಡುವ ವೇಗವೇ ಹಾಗೆ. ಆದರೂ ಅನುಮಾನ ಅನುಮಾನವೇ. ಪಶುವೈದ್ಯರ ಹತ್ತಿರ ಹೋಗಿ ಬಾಯಿಯ ಅಂಗುಳಿನ ಸೀಳಿನಿಂದ ಅಥವಾ ಶ್ವಾಸನಾಳದಿಂದ ಸ್ವಾಬ್ ತೆಗೆಸಿ, ಪಿಸಿಆರ್ ಪರೀಕ್ಷೆಗೆ ಕಳಿಸಿ. ಸ್ವಾಬ್ ಮೊದಲು, ಮದ್ದು ಆಮೇಲೆ.

ಎನ್ರೊಫ್ಲಾಕ್ಸಾಸಿನ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ, ಬೇಡ. ಅದು ಮನುಷ್ಯರಿಗೂ ಬೇಕಾದ ಮದ್ದಿನ ಗುಂಪಿಗೆ ಸೇರಿದ್ದು. ಕೋಳಿಗಳಲ್ಲಿ ಬಳಸಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದು ಜನರಿಗೆ ದಾಟುತ್ತದೆ ಎಂಬ ಕಾರಣಕ್ಕೆ ಅಮೆರಿಕದಲ್ಲಿ 2005ರಲ್ಲೇ ಕೋಳಿಗಳಿಗೆ ಇದರ ಅನುಮತಿ ಹಿಂಪಡೆದರು. ಮೊಟ್ಟೆಗೆ ಬರುವ ಹೊಸ್ತಿಲಲ್ಲಿರುವ ಹಕ್ಕಿಗೆ ಕೊಟ್ಟರೆ ಮೊಟ್ಟೆಯಲ್ಲೂ ಉಳಿಯುತ್ತದೆ.

ಮೈಕೊಪ್ಲಾಸ್ಮಾಗೆ ಜೀವಕೋಶದ ಗೋಡೆಯೇ ಇಲ್ಲ. ಹಾಗಾಗಿ ಗೋಡೆ ಒಡೆದು ಕೊಲ್ಲುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಇದರ ಮೇಲೆ ಏನೂ ಮಾಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಟೈಲೋಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ನೀರಿನಲ್ಲಿ ಕರಗುವ ಟೈಲೋಸಿನ್ ಲೀಟರಿಗೆ 500 ಮಿಲಿಗ್ರಾಂ ಮದ್ದಿನಂತೆ ಮೂರರಿಂದ ಐದು ದಿನ. ಇಲ್ಲಿ ಬಹಳ ಜನ ಎಡವುತ್ತಾರೆ: ಲೆಕ್ಕ ಪುಡಿಯದ್ದಲ್ಲ, ಪುಡಿಯೊಳಗಿನ ಮದ್ದಿನದು. ಪೊಟ್ಟಣದ ಮೇಲೆ ಶೇ. 10 ಎಂದಿದ್ದರೆ 500 ಮಿಲಿಗ್ರಾಂ ಮದ್ದಿಗೆ 5 ಗ್ರಾಂ ಪುಡಿ ಬೇಕು. ದಿನಾ ಹೊಸದಾಗಿ ಕಲಸಿ, ಉಳಿದದ್ದು ಚೆಲ್ಲಿ, ಬೇರೆ ನೀರಿನ ಪಾತ್ರೆ ಎಲ್ಲವನ್ನೂ ತೆಗೆದಿಡಿ. ಹೊರಗೆ ಬಿಟ್ಟರೆ ಗುಂಡಿಯಲ್ಲಿ ನಿಂತ ಮಳೆನೀರು ಕುಡಿದುಕೊಂಡು ಬರುತ್ತವೆ.

ಡಾಕ್ಸಿಸೈಕ್ಲಿನ್ ಅಥವಾ ಆಕ್ಸಿಟೆಟ್ರಾಸೈಕ್ಲಿನ್ ಬರೆದುಕೊಟ್ಟರೆ ಮದ್ದು ಮುಗಿಯುವ ತನಕ ಚಿಪ್ಪಿನ ಪುಡಿ, ಸುಣ್ಣದ ಅಂಶದ ಗ್ರಿಟ್ ಎಲ್ಲ ನಿಲ್ಲಿಸಿ. ಕ್ಯಾಲ್ಸಿಯಂ ಈ ಮದ್ದನ್ನು ಕರುಳಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ತಗಡಿನ ಪಾತ್ರೆಯೂ ಬೇಡ, ಪ್ಲಾಸ್ಟಿಕ್ ಇರಲಿ.

ನೀರಲ್ಲಿ ಮದ್ದು ಕೊಡುವುದರಲ್ಲಿ ಒಂದು ದೊಡ್ಡ ತೊಡಕಿದೆ. ಯಾವುದಕ್ಕೆ ಹೆಚ್ಚು ಹುಷಾರಿಲ್ಲವೋ ಅದೇ ಕಡಿಮೆ ಕುಡಿಯುತ್ತದೆ. ಹುಷಾರಾಗಿರುವವಕ್ಕೆ ಪೂರ್ತಿ ಮದ್ದು, ಬೇನೆ ಬಿದ್ದದ್ದಕ್ಕೆ ಅರ್ಧ. ಅದಕ್ಕೇ ಬೇರೆ ಇಟ್ಟಿರುವ ಹೇಂಟೆಯ ನೀರನ್ನು ಬೆಳಿಗ್ಗೆ ಅಳೆದು ಇಡಿ, ಮರುದಿನ ಉಳಿದದ್ದು ಅಳೆಯಿರಿ. ಹುಷಾರಾಗಿರುವ ಹೇಂಟೆ ದಿನಕ್ಕೆ ಸುಮಾರು 200 ಮಿಲಿ ಕುಡಿಯುತ್ತದೆ. ನಿಮ್ಮದು 80-90ರಲ್ಲೇ ನಿಂತರೆ ನೇರವಾಗಿ ಬಾಯಿಗೆ ಕೊಡುವ ಅಥವಾ ಚುಚ್ಚುವ ರೂಪವನ್ನು ವೈದ್ಯರಲ್ಲಿ ಕೇಳಿ. ದಿನಾ ಒಂದೇ ಹೊತ್ತಿಗೆ ತೂಕ ಹಾಕಿ. ಗೊರಗೊರ ಸದ್ದು ಕಡಿಮೆಯಾಗುವ ಮುನ್ನವೇ ತೂಕ ಇಳಿಯುವುದು ನಿಂತರೆ ಮದ್ದು ಹಿಡಿಯುತ್ತಿದೆ.

ಕಣ್ಣಿಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಹತ್ತಿಯಿಂದ ಒರೆಸಿ, ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಅದೇ ನೀರಿನಲ್ಲಿ ಮೂಗಿನ ಹೊಳ್ಳೆಗೆ ಕಟ್ಟಿದ ಹೆಕ್ಕಳೆ ನೆನೆಸಿ ತೆಗೆಯಬಹುದು. ಮದ್ದು ಮುಗಿದ ಮೇಲೂ ವೈದ್ಯರು ಹೇಳಿದಷ್ಟು ದಿನ ಐದೂ ಹೇಂಟೆಗಳ ಮೊಟ್ಟೆ ತಿನ್ನಬೇಡಿ, ಕೊಡಬೇಡಿ.

ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆವತ್ತೇ ಪಶುವೈದ್ಯ ಇಲಾಖೆಗೆ ಹೇಳಿ: ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿ ಮುಖ ಊದುವುದು, ಕುತ್ತಿಗೆ ತಿರುಚುವುದು, ಹಸಿರು ಭೇದಿ, ಒಂದೇ ಸಲಕ್ಕೆ ಎರಡು ಮೂರು ಸಾಯುವುದು. ಕೊಕ್ಕರೆ ರೋಗ, ಹಕ್ಕಿಜ್ವರ ಎರಡೂ ಉಸಿರಾಟದ ತೊಂದರೆಯಿಂದಲೇ ಶುರುವಾಗಬಹುದು. ಸತ್ತದ್ದನ್ನು ಕೊಯ್ದು ನೋಡಬೇಡಿ. ಕೈಗವಸು, ಮುಖಗವಸು ಹಾಕಿ ಎರಡು ಚೀಲದಲ್ಲಿ ಕಟ್ಟಿ ತಣ್ಣಗಿಡಿ, ಹೆಪ್ಪುಗಟ್ಟಿಸಬೇಡಿ.

ಗರಿಮನೆ

ಗೂಡಿನ ಘಾಟು ಅಂದಿರಲ್ಲ, ಅದನ್ನು ಬಿಟ್ಟು ಬರೀ ಮದ್ದು ಕೊಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಕೇಳಬೇಕಾಗುತ್ತದೆ. ಹಿಕ್ಕೆಯ ಯೂರಿಕ್ ಆಮ್ಲವನ್ನು ಒದ್ದೆ ಹೊಟ್ಟಿನಲ್ಲಿ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ನಮ್ಮ ಮೂಗಿಗೆ ಅದು ಗೊತ್ತಾಗುವುದು ಸುಮಾರು 20 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು) ದಾಟಿದ ಮೇಲೆ. 25ಕ್ಕೆ ಬಂದರೆ ಶ್ವಾಸನಾಳದ ಲೋಳೆ ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಕೆಟ್ಟು, ಒಳಗೆ ಬಂದ ರೋಗಾಣು ಅಲ್ಲೇ ಉಳಿದುಬಿಡುತ್ತದೆ. ಘಾಟು ನಿಮಗೆ ಹೊಡೆಯಿತು ಅಂದರೆ ನೆಲಕ್ಕೆ ಹತ್ತಿರ ಮಲಗುವ ಅವುಗಳಿಗೆ ಅದು ಆಗಲೇ ಮಿತಿ ಮೀರಿದೆ.

ಒದ್ದೆ ಹೊಟ್ಟು ಪೂರ್ತಿ ತೆಗೆಯಿರಿ, ಕೋಳಿಗಳನ್ನು ಹೊರಗಿಟ್ಟು, ನೀವು ಮುಖಗವಸು ಹಾಕಿಕೊಂಡು. ಹಿಕ್ಕೆ ಇರುವಾಗಲೇ ಬ್ಲೀಚ್ ಸುರಿಯಬಾರದು. ಅಮೋನಿಯಾ ಜೊತೆ ಸೇರಿ ವಿಷದ ಅನಿಲ ಏಳುತ್ತದೆ. ಮೊದಲು ಕೆರೆದು, ಸೋಪಿನ ನೀರಲ್ಲಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಸೋಂಕುನಿವಾರಕ. ಸುಣ್ಣ ಎರಚಿ ವಾಸನೆ ಅಡಗಿಸುವ ರೂಢಿಯೂ ತಪ್ಪು. ಸುಣ್ಣದಿಂದ ಕ್ಷಾರ ಹೆಚ್ಚಿ ಅಮೋನಿಯಾ ಇನ್ನಷ್ಟು ಹೊರಬೀಳುತ್ತದೆ, ಅದರ ದೂಳು ಬೇರೆ.

ಹೊಸ ಹೊಟ್ಟು ನಾಲ್ಕು ಇಂಚು ದಪ್ಪ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ ಕೈ ಬಿಡಿಸಿ: ಉಂಡೆಯಾಗಿ ಉಳಿದರೆ ಒದ್ದೆ ಜಾಸ್ತಿ, ಮೆಲ್ಲಗೆ ಬಿರುಕು ಬಿಟ್ಟು ಉದುರಿದರೆ ಸರಿ, ದೂಳಾಗಿ ಹಾರಿದರೆ ಒಣಗಿದ್ದು ಹೆಚ್ಚಾಯಿತು. ನೀರಿನ ಪಾತ್ರೆಯನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತಿಡಿ, ಚೆಲ್ಲುವುದು ಕಡಿಮೆಯಾಗುತ್ತದೆ. ಗಾಳಿಕಿಂಡಿ ಮಾಡಿನ ಕೆಳಗೆ, ಕೂತ ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಗೋಡೆಗಳಲ್ಲಿ ಇರಬೇಕು. ಒಂದು ಕೋಳಿಗೆ ಒಂದು ಚದರ ಅಡಿ ಕಿಂಡಿ ಅನ್ನುವುದು ರೂಢಿಯ ಲೆಕ್ಕ. ಮಳೆ ಬರುತ್ತದೆ ಅಂತ ಎಲ್ಲ ಕಡೆ ಟಾರ್ಪಾಲ್ ಕಟ್ಟಿ ಮುಚ್ಚುವುದೇ ಮಳೆಗಾಲದ ಉಸಿರಾಟದ ತೊಂದರೆಗೆ ದೊಡ್ಡ ಕಾರಣ. ಮಾಡನ್ನು ಹೊರಗೆ ಚಾಚಿಸಿ, ಕಿಂಡಿ ಮುಚ್ಚಬೇಡಿ.

ಹಿತ್ತಲಗೂಡು

ಗೂಡು ಖಾಲಿ ಮಾಡುತ್ತಿದ್ದೇನೆ. ಸ್ವಾಬ್ ತೆಗೆಸಿದೆ, ವೈದ್ಯರು ಟೈಲೋಸಿನ್ ಬರೆದಿದ್ದಾರೆ. ಮೈಕೊಪ್ಲಾಸ್ಮಾ ಅಂತಲೇ ಬಂದರೆ, ಗುಣವಾದ ಮೇಲೆ ಇದನ್ನು ಮತ್ತೆ ಜೊತೆಗೆ ಬಿಡಬಹುದೇ? ಮರಿ ಮಾಡಿಸುವ ಯೋಚನೆಯೂ ಇತ್ತು.

ಬಿಳಿಕೋಟು

ಬಿಡಬಹುದು, ಉಳಿದ ನಾಲ್ಕಕ್ಕೂ ಆಗಲೇ ತಗುಲಿದೆ ಎಂದೇ ತಿಳಿದು ನಡೆಯಬೇಕು. ಮದ್ದು ಮುಗಿದ ಮೇಲೆ ಒಂದು ವಾರ ಸದ್ದಿಲ್ಲದೆ, ಬಾಲ ಆಡದೆ, ತೂಕ ಏರುತ್ತಿದ್ದರೆ ಸಂಜೆ ಹೊತ್ತು ಒಳಗೆ ಬಿಡಿ, ಬೆಳಕಿದ್ದಾಗ ಬಿಟ್ಟರೆ ಕುಕ್ಕಾಟ ಜಾಸ್ತಿ. ಆದರೆ ಮದ್ದು ರೋಗದ ಲಕ್ಷಣ ಇಳಿಸುತ್ತದೆಯೇ ಹೊರತು ರೋಗಾಣುವನ್ನು ಪೂರ್ತಿ ಓಡಿಸುವುದಿಲ್ಲ. ಹಕ್ಕಿ ಬದುಕಿರುವಷ್ಟು ದಿನ ಅದನ್ನು ಹೊತ್ತಿರುತ್ತದೆ. ಮೊದಲ ಮೊಟ್ಟೆ, ಗರಿ ಉದುರುವ ಕಾಲ, ಚಳಿ, ಜಾಗ ಬದಲಾವಣೆ ಇಂಥ ಹೊತ್ತಿನಲ್ಲಿ ಮರುಕಳಿಸಬಹುದು.

ಮರಿ ಮಾಡಿಸುವ ಯೋಚನೆ ಬಿಡಿ. ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಈ ಗುಂಪಿನಿಂದ ಯಾರಿಗೂ ಕೋಳಿ ಕೊಡಬೇಡಿ, ಈ ಗುಂಪು ಇರುವ ತನಕ ಹೊಸದನ್ನು ತರಬೇಡಿ. ಮುಂದೆ ಹೊಸದಾಗಿ ಶುರು ಮಾಡುವಾಗ ಗೂಡನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಕೆಲವು ವಾರ ಖಾಲಿ ಬಿಟ್ಟರೆ ಸಾಕು, ಹಕ್ಕಿಯ ಮೈಯಿಂದ ಹೊರಬಿದ್ದ ಮೈಕೊಪ್ಲಾಸ್ಮಾ ಹೆಚ್ಚು ದಿನ ಉಳಿಯುವುದಿಲ್ಲ. ಆ ಹೊಸ ಗುಂಪಿಗೆ ಆಮೇಲೆ ಸೇರಿಸುವ ಕೋಳಿಯನ್ನು ಕನಿಷ್ಠ 30 ದಿನ ಬೇರೆ ಗೂಡಿನಲ್ಲಿಡಿ. ಅದಕ್ಕೆ ನೀರು ಮೇವು ಹಾಕುವುದು ಹಳೆಯವಕ್ಕೆ ಹಾಕಿದ ಮೇಲೆ, ಚಪ್ಪಲಿ ಬೇರೆ, ಪಾತ್ರೆ ಬೇರೆ. ಪರೀಕ್ಷೆಯ ಫಲಿತಾಂಶ ಬಂದಾಗ ಇಲ್ಲೇ ಹಾಕಿ, ಕೊರೈಜಾ ಕೂಡ ಜೊತೆಗಿದೆ ಅಂತ ಬಂದರೆ ಮದ್ದು ಬದಲಾಗುತ್ತದೆ.